ರೇಡಿಯೇಷನ್ ಆದಮೇಲೆ ಬಾಯಿ ಒಣಗ್ತಿದ್ರೆ

ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಆದವರ ಬಾಯಿ ಒಣಗೋದು ನೀರು ಕಡಿಮೆಯಾಗಿ ಅಲ್ಲ, ಜೊಲ್ಲಿನ ಗ್ರಂಥಿಗಳಿಗೇ ಪೆಟ್ಟು ಬಿದ್ದಿರುತ್ತೆ. ಒಂದೇ ಸಲ ಚೊಂಬುಗಟ್ಟಲೆ ಕುಡಿದು ಪ್ರಯೋಜನ ಇಲ್ಲ. ಬಾಟಲಿ ಜೊತೆಗೇ ಇಟ್ಕೊಂಡು ಗುಟುಕು ಗುಟುಕಾಗಿ ಕುಡೀರಿ.

250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡಿಗೆ ಸೋಡಾ, ಅದರರ್ಧ ಉಪ್ಪು ಹಾಕಿ, ಊಟ ತಿಂಡಿ ಆದಾಗೆಲ್ಲ ಮುಕ್ಕಳಿಸಿ ಉಗುಳಿ, ಆಮೇಲೆ ಬರೀ ನೀರಲ್ಲಿ ಒಮ್ಮೆ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಹುಳಿ ಪದಾರ್ಥ ಸೇರಿರುತ್ತೆ. ಆಲ್ಕೋಹಾಲ್ ಇರೋ ಮೌತ್‌ವಾಶ್ ಇನ್ನೂ ಒಣಗಿಸುತ್ತೆ.

ನಮ್ಮ ಹಾಸನದ ಕಡೆ ಮುದ್ದೆ ಅಗಿಯದೆ ನುಂಗೋ ಅಭ್ಯಾಸ. ಜೊಲ್ಲಿಲ್ಲದ ಬಾಯಿಗೆ ಗಟ್ಟಿ ಮುದ್ದೆ ಅಪಾಯ, ಗಂಟಲಲ್ಲೇ ನಿಲ್ಲುತ್ತೆ. ಹಿಟ್ಟು ಕಡಿಮೆ ಹಾಕಿ ಸಡಿಲವಾಗಿ ತೊಳಸಿ, ಚಿಕ್ಕ ತುತ್ತು ಮಾಡಿ, ಖಾರ ಇಲ್ಲದ ಬೇಳೆಸಾರಲ್ಲಿ ಪೂರ್ತಿ ಮುಳುಗಿಸಿ ಕೊಡಿ. ನುಂಗುವಾಗ ಪದೇ ಪದೇ ಕೆಮ್ಮು ಬಂದ್ರೆ ಡಾಕ್ಟರಿಗೆ ಹೇಳಲೇಬೇಕು. ಅಕ್ಕಿರೊಟ್ಟಿ ಬದಲು ಮೆತ್ತಗಿನ ಅನ್ನ, ಗಂಜಿ. ಎಲೆ ಅಡಿಕೆ, ಹೊಗೆಸೊಪ್ಪು ಪೂರ್ತಿ ಬಂದ್.

ಜೊಲ್ಲು ಬರಲಿ ಅಂತ ನಿಂಬೆ ಪೆಪ್ಪರ್‌ಮೆಂಟ್ ಚೀಪಬೇಡಿ. ಹುಳಿ, ಸಕ್ಕರೆ ತೊಳೆಯೋಕೆ ಜೊಲ್ಲೇ ಇರಲ್ಲ, ಹಲ್ಲು ಬೇಗ ಹುಳುಕಾಗುತ್ತೆ. ಫ್ಲೋರೈಡ್ ಪೇಸ್ಟ್, ಮೆತ್ತನೆ ಬ್ರಷ್ ಬಳಸಿ. ಹಲ್ಲು ಕೀಳಿಸೋ ಮಾತು ಬಂದ್ರೆ, ಚಿಕಿತ್ಸೆ ಮುಗಿದು ವರ್ಷಗಳೇ ಆಗಿದ್ರೂ, ದವಡೆಗೆ ರೇಡಿಯೇಷನ್ ಆಗಿದೆ ಅಂತ ಮೊದಲೇ ತಿಳಿಸಿ. ಆ ಮೂಳೆ ಸುಲಭವಾಗಿ ಮಾಯೋದಿಲ್ಲ.