ಕಲಬುರಗಿಯಿಂದ ಮಂಗಳೂರಿಗೆ ಹೋಗುವವರಿಗೆ ಮಳೆಗಾಲದ ಸಿದ್ಧತೆ

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಓದಿಗಾಗಿ ಅಥವಾ ನೌಕರಿಗಾಗಿ ಮಂಗಳೂರಿಗೆ ಹೋಗುವವರು ಮೊದಲು ಒಂದು ಲೆಕ್ಕವನ್ನು ತಿಳಿದಿರಬೇಕು. ಕಲಬುರಗಿಯಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 750 ಮಿ.ಮೀ.; ಮಂಗಳೂರಿನಲ್ಲಿ ಜುಲೈ ತಿಂಗಳೊಂದರಲ್ಲೇ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಕೊಡೆ ಹಿಡಿದು ನಡೆಯುವುದು ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ, ಆದರೆ ಮನೆಯೊಳಗಿನ ತೇವ ಸೆಪ್ಟೆಂಬರ್‌ವರೆಗೂ ಕಾಡುತ್ತದೆ. ನಮ್ಮಲ್ಲಿ ಬಟ್ಟೆಯಾಗಲಿ ಬೇಳೆಯಾಗಲಿ ಮಾಳಿಗೆಯ ಮೇಲೆ ಹರಡಿದರೆ ಬಿಸಿಲು ಒಣಗಿಸಿ ಕೊಡುತ್ತದೆ; ಅಲ್ಲಿ ಆ ಕೆಲಸವನ್ನು ಗಾಳಿಯಿಂದ ಮಾಡಿಸಿಕೊಳ್ಳಬೇಕು.

ಆದ್ದರಿಂದ ಬಾಡಿಗೆ ಖೋಲಿ ಹುಡುಕುವಾಗ ಎದುರುಬದುರು ಕಿಟಕಿಗಳಿರುವ, ಸಾಧ್ಯವಾದರೆ ನೆಲಮಹಡಿಯಲ್ಲದ ಖೋಲಿಯನ್ನೇ ಆರಿಸಿಕೊಳ್ಳಿರಿ. ಬೇಸಿಗೆಯಲ್ಲಿ ಹೊಸದಾಗಿ ಬಣ್ಣ ಬಳಿದ ಗೋಡೆಯನ್ನು ನಂಬಬಾರದು. ಅಲಮಾರಿಯ ಹಿಂದೆ ಮತ್ತು ಮೂಲೆಗಳಲ್ಲಿ ಬೂಸ್ಟಿನ ಕಪ್ಪು ಚುಕ್ಕೆಗಳಿವೆಯೇ ಎಂದು ಬಗ್ಗಿ ನೋಡಬೇಕು. ಅಲಮಾರಿ ಮತ್ತು ಮಂಚವನ್ನು ಗೋಡೆಯಿಂದ ಗೇಣಿನಷ್ಟಾದರೂ ದೂರವಿಡಿ. ಅಂಕಪಟ್ಟಿಗಳನ್ನು ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುವುದು ಒಳ್ಳೆಯದು.

ಬಟ್ಟೆಯನ್ನು ವಾರಕ್ಕೊಮ್ಮೆ ರಾಶಿ ಹಾಕಿ ಒಗೆಯುವ ಪದ್ಧತಿ ಅಲ್ಲಿ ನಡೆಯುವುದಿಲ್ಲ. ದಿನಕ್ಕೆ ಎರಡು ಮೂರು ಬಟ್ಟೆ ಒಗೆದು, ಚೆನ್ನಾಗಿ ಹಿಂಡಿ, ಒಂದಕ್ಕೊಂದು ತಾಗದಂತೆ ಫ್ಯಾನಿನ ಕೆಳಗೆ ಹರವಿ, ಉಳಿದ ತೇವವನ್ನು ಇಸ್ತ್ರಿಯಿಂದ ತೆಗೆಯಬೇಕು. ದಪ್ಪ ಜೀನ್ಸ್ ಮತ್ತು ಚರ್ಮದ ಬೂಟುಗಳನ್ನು ಊರಲ್ಲೇ ಬಿಟ್ಟು ಹೋದರೆ ನಷ್ಟವಿಲ್ಲ. ರಬ್ಬರ್ ಚಪ್ಪಲಿಯೇ ಸಾಕು.

ಊಟದ ವಿಷಯದಲ್ಲಿ ನಮ್ಮವರಿಗೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ತಾಯಂದಿರು ಕಟ್ಟಿಕೊಡುವ ಬುತ್ತಿಯೆಲ್ಲ ಒಣ ಹವೆಗೆ ಹೊಂದಿದ್ದು. ತಿಂಗಳುಗಟ್ಟಲೆ ಇರುವ ಕಡಕ್ ರೊಟ್ಟಿ ಅಲ್ಲಿ ಮುಚ್ಚಳ ಸಡಿಲವಿದ್ದರೆ ಬೇಗನೆ ಮೆತ್ತಗಾಗುತ್ತದೆ. ಅದನ್ನು ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟು, ತಿನ್ನುವ ಮುನ್ನ ಹಂಚಿನ ಮೇಲೆ ಬಿಸಿ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ. ತೊಗರಿ ಬೇಳೆಯನ್ನು ಬಿಸಿಲಿಗಿಡುವ ಬದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿಯಿರುವಾಗ ಮುಚ್ಚಿದರೆ ಒಳಗೇ ಬೆವರಿ ಕೆಡುತ್ತದೆ. ಜೋಳದ ಹಿಟ್ಟನ್ನು ಹದಿನೈದು ದಿನಕ್ಕಾಗುವಷ್ಟೇ ಒಯ್ಯಿರಿ. ಶೇಂಗಾದಲ್ಲಿ ಬೂಸ್ಟು ಕಂಡರೆ ಅಥವಾ ಕಹಿ ತಗುಲಿದರೆ ಹುರಿದು ಉಳಿಸಿಕೊಳ್ಳಲು ಹೋಗದೆ ಎಸೆಯಬೇಕು. ಅದರಲ್ಲಿ ಸೇರುವ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಹಾನಿ ಮಾಡುತ್ತದೆ.

ಕಾಲಲ್ಲಿ ಗಾಯವಿರುವವರು ನಿಂತ ನೀರಿನಲ್ಲಿ ನಡೆಯಬಾರದು, ಇಲಿಗಳ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಹೊರಗಿನಿಂದ ಬಂದ ಕೂಡಲೇ ಸಾಬೂನಿನಿಂದ ಕಾಲು ತೊಳೆದು ಬೆರಳ ಸಂದಿಗಳನ್ನು ಒರೆಸಿಕೊಳ್ಳಬೇಕು. ಮಲೇರಿಯಾ, ಡೆಂಗಿಗಳ ಭಯವೂ ಇರುವುದರಿಂದ ಸೊಳ್ಳೆಪರದೆ ಬೇಕೇ ಬೇಕು. ಜ್ವರ ಬಂದರೆ ಮಾತ್ರೆ ನುಂಗಿ ಕಾಯುತ್ತ ಕೂಡದೆ ರಕ್ತ ಪರೀಕ್ಷೆ ಮಾಡಿಸಿರಿ. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಬ್ಬಕ್ಕೆ ಊರಿಗೆ ಬರುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡುವುದು ಲೇಸು. ಮಳೆ ಜೋರಾದಾಗ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲು ಮಾರ್ಗವೂ ಹಾಗೆಯೇ ನಿಂತ ಉದಾಹರಣೆಗಳಿವೆ. ಟಿಕೆಟ್ ಕೈಯಲ್ಲಿದ್ದರೂ ಹೊರಡುವ ಮುನ್ನ ಘಾಟಿಯ ಸುದ್ದಿ ವಿಚಾರಿಸಿಕೊಳ್ಳಿರಿ.