ಪೆಟ್ಟಿಗೆಯಲ್ಲಿಡದೆ ದುಡಿಸಿದ ನನ್ನ ಮೊದಲ ದುಬಾರಿ ಮಡಚುವ ಚಾಕು

ಹೊಸ ಚಾಕು ಕೈಗೆ ಬಂದ ಮೂರನೆಯ ವಾರದಲ್ಲಿ ಅದನ್ನು ಪೂರ್ತಿ ಬಿಚ್ಚಿ, ಅಲಗಿನ ಕೀಲಿನಲ್ಲಿ ಕೂರುವ ತೆಳು ಬಿಲ್ಲೆಗಳಾದ ವಾಷರ್‌ಗಳನ್ನು ಉಜ್ಜಿ, ಅಲಗಿನ ಅಂಚನ್ನು ನನ್ನದೇ ಕೋನಕ್ಕೆ ಸಾಣೆ ಹಿಡಿಯುತ್ತೇನೆಂದು ಹೇಳಿದಾಗ, ದುಬಾರಿ ಚಾಕುಗಳನ್ನು ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದ ಇಬ್ಬರು ಗೆಳೆಯರು ಅದರ ಅರ್ಧ ಬೆಲೆ ಅಂದೇ ಹೋಯಿತೆಂದು ತಿಳಿಯಬೇಕೆಂದರು. ಅಂಥ ಅಲಗನ್ನು ಪದೇಪದೇ ಕಲ್ಲಿಗೆ ಕೊಟ್ಟರೆ ಎರಡು ವರ್ಷದಲ್ಲಿ ಸವೆದು ಕಡ್ಡಿಯಾಗುತ್ತದೆ, ತೆರೆದ ಅಲಗನ್ನು ಹಿಡಿದು ನಿಲ್ಲಿಸುವ ಲಾಕ್ ಸರಿದು ಸಡಿಲವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ಸುಮಾರು 14 ತಿಂಗಳಾಗಿದೆ. ಅವರು ಹೇಳಿದ ಎರಡೂ ನಡೆದಿಲ್ಲವಾದ್ದರಿಂದ ನಾನು ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಹಣದ ವಿಷಯ. ಇದಕ್ಕೆ ಮುಂಚಿನ ಆರು ವರ್ಷಗಳಲ್ಲಿ ನಾನು 14 ಅಥವಾ 15 ಅಗ್ಗದ ಮಡಚುವ ಚಾಕುಗಳನ್ನು ಕೊಂಡಿದ್ದೆ. ಹೆಚ್ಚಿನವು ಡಿ2 ಎಂಬ ಉಕ್ಕಿನವು, ಕೆಲವು 8ಸಿಆರ್13ಎಂಒವಿ ಎಂಬ ಉಕ್ಕಿನವು. ಒಂದೊಂದನ್ನು ಕೊಳ್ಳುವಾಗಲೂ ಅದು ದೊಡ್ಡ ಖರ್ಚೆನಿಸಿರಲಿಲ್ಲ, ಆದರೆ ಒಂದು ಸಂಜೆ ಕುಳಿತು ಕೂಡಿಸಿ ನೋಡಿದಾಗ ಅವುಗಳ ಒಟ್ಟು ಬೆಲೆ ನಾನು ದೂರದಿಂದಲೇ ನೋಡಿ ಸುಮ್ಮನಾಗುತ್ತಿದ್ದ ಟೈಟಾನಿಯಂ ಹಿಡಿಯ ಚಾಕುವಿನ ಬೆಲೆಯನ್ನು ಮೀರಿತ್ತು. ಹನ್ನೊಂದನ್ನು ಮಾರಿದೆ, ಹಾಕಿದ ಹಣದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಂದಕ್ಕೆ ಬಂತು. ಲೈನರ್ ಲಾಕ್ (ಹಿಡಿಯೊಳಗಿನ ತೆಳು ಲೋಹದ ಪಟ್ಟಿಯ ಲಾಕ್) ಸವೆದು ಅಲಗು ಅಲುಗಾಡುತ್ತಿದ್ದ ಎರಡನ್ನು ಯಾರಿಗೂ ಮಾರುವುದು ಸರಿಯಲ್ಲವೆಂದು ಬಿಚ್ಚಿ, ಬಿಡಿಭಾಗಗಳನ್ನಷ್ಟೇ ಉಳಿಸಿಕೊಂಡೆ. ಉಳಿದ ಮೊತ್ತ ಕೂಡಿಸಲು ಒಂಬತ್ತು ತಿಂಗಳು ಬೇಕಾಯಿತು, ಆ ಅವಧಿಯಲ್ಲಿ ಒಂದು ಸ್ಕ್ರೂಡ್ರೈವರ್ ಬಿಟ್ ಕೂಡ ಕೊಳ್ಳಲಿಲ್ಲ. ನಾನು ಲೆಕ್ಕ ಹಾಕದೆ ಬಿಟ್ಟ ಖರ್ಚೆಂದರೆ ವಜ್ರದ ಸಾಣೆ ಫಲಕಗಳದು. ಅವು ಚಾಕುವಿನ ಬೆಲೆಯ ಐದನೆಯ ಒಂದು ಭಾಗದಷ್ಟನ್ನು ನುಂಗಿದವು. ಈ ವರ್ಗದ ಚಾಕು ಕೊಳ್ಳುವವರು ಅದನ್ನು ಮೊದಲೇ ಬೆಲೆಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ನಾನು ಆರಿಸಿದ್ದು ಚಾಕು ತಯಾರಕ ಕ್ರಿಸ್ ರೀವ್ ತಮ್ಮ ಸೆಬೆಂಜಾ ಚಾಕುವಿನ ಮೂಲಕ ಹೆಸರಾಗಿಸಿದ ಫ್ರೇಮ್ ಲಾಕ್ (ಹಿಡಿಯ ಒಂದು ಬದಿಯೇ ಒಳಕ್ಕೆ ಬಾಗಿ ಅಲಗನ್ನು ತಡೆಯುವ) ಪದ್ಧತಿಯ, ಎಸ್30ವಿ ಎಂಬ ಉಕ್ಕಿನ ಅಲಗಿನ ಒಂದು ಚಾಕು. ಸೆಬೆಂಜಾ ಎಂಬ ಜುಲು ಮಾತಿನ ಅರ್ಥವೇ ಕೆಲಸ. ಆ ಪರಂಪರೆಯ ಚಾಕುವನ್ನು ಪೆಟ್ಟಿಗೆಯಲ್ಲಿ ಮಲಗಿಸುವುದು ನನಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಮೊದಲ ದಿನ ಹೆಬ್ಬೆರಳಿನಿಂದ ಅಲಗನ್ನು ತೆರೆದಾಗ, ಅದು ಕೊನೆಗೆ ಬಂದು ನಿಂತ ಸದ್ದು ಹಳೆಯ ಚಾಕುಗಳ ತೆಳ್ಳನೆಯ ಟಿಕ್ ಎಂಬ ಸದ್ದಾಗಿರದೆ, ಒಳ್ಳೆಯ ಮರಗೆಲಸದ ಪೆಟ್ಟಿಗೆಯ ಮುಚ್ಚಳ ಕೂತಂತೆ ತುಂಬಿದ ಸದ್ದಾಗಿತ್ತು. ಹಿಡಿ ಮತ್ತು ಅಲಗಿನ ನಡುವೆ ಎರಡೂ ಬದಿಯ ಸಂದು ಒಂದೇ ಅಳತೆಯಲ್ಲಿರುವುದನ್ನು ದೀಪಕ್ಕೆ ಹಿಡಿದು ಅದೆಷ್ಟೋ ಸಲ ನೋಡಿದೆ. ಅಂದು ರಾತ್ರಿ ಮಲಗುವ ಮುನ್ನ ಮತ್ತೆ ಎದ್ದು ಹೋಗಿ ಒಮ್ಮೆ ತೆರೆದು ಮುಚ್ಚಿದ್ದೂ ನಿಜ.

ಆದರೂ ಚಲನೆ ಬಿಗಿಯಾಗಿತ್ತು. ಫಾಸ್ಫರ್ ಬ್ರಾಂಜ್ ವಾಷರ್‌ಗಳು ತಾವಾಗಿ ಪಳಗುವವರೆಗೆ ಕಾಯಬಹುದಿತ್ತು, ನಾನು ಕಾಯಲಿಲ್ಲ. ಪಿವಟ್ (ಅಲಗು ತಿರುಗುವ ಕೀಲು) ಸ್ಕ್ರೂ, ಸಡಿಲವಾಗದಂತೆ ಹಚ್ಚುವ ಅಂಟಾದ ಥ್ರೆಡ್‌ಲಾಕರ್‌ನಿಂದ ಕಚ್ಚಿಕೊಂಡಿದ್ದಾಗ ಬಿಸಿ ಮಾಡದೆಯೇ ತಿರುಗಿಸಿದ್ದರಿಂದ ಟಾರ್ಕ್ಸ್ (ನಕ್ಷತ್ರಾಕಾರದ ಗುಳಿಯ) ತಲೆಯ ಎರಡು ಹಲ್ಲುಗಳು ಸವೆದುಹೋದವು; ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದ ಮೇಲೆ ಅದೇ ಸ್ಕ್ರೂ ಸಲೀಸಾಗಿ ಬಂತು. ಎರಡನೆಯ ತಪ್ಪು ಇನ್ನೂ ದೊಡ್ಡದು. ವಾಷರ್‌ಗಳನ್ನು ಪಾಲಿಶ್ ಪೇಸ್ಟ್‌ನಲ್ಲಿ ಕನ್ನಡಿಯಂತೆ ಹೊಳೆಯಿಸಿದರೆ ಜಾರುತ್ತವೆಂದು ಎರಡು ಸಂಜೆ ಉಜ್ಜಿದೆ, ಎಣ್ಣೆ ಹಾಕಿ ಜೋಡಿಸಿದಾಗ ಚಲನೆ ಮೊದಲಿಗಿಂತ ಭಾರವಾಯಿತು. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಹೇಗೆ ಕಚ್ಚಿಕೊಳ್ಳುತ್ತವೆಯೋ ಹಾಗೆಯೇ ಎಣ್ಣೆಯ ಪದರ ನುಣುಪಾದ ವಾಷರನ್ನು ಅಲಗಿಗೆ ಅಂಟಿಸಿಬಿಟ್ಟಿತ್ತು. ಗಾಜಿನ ಮೇಲೆ 1200 ಗ್ರಿಟ್ಟಿನ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ನೀರು ಕಾಗದ, ಅಂದರೆ ಒದ್ದೆ ಮಾಡಿ ಬಳಸುವ ಉಜ್ಜುಕಾಗದ ಹಾಸಿ, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ ಆ ಹೊಳಪನ್ನು ತೆಗೆದೆ, ದಪ್ಪ ಎಣ್ಣೆಯ ಬದಲು ತೆಳುವಾದ ಎಣ್ಣೆಯನ್ನು ಬದಿಗೆ ಒಂದೇ ಹನಿ ಹಾಕಿದೆ. ಆಮೇಲೆ ಸುಮಾರು 2000 ಸಲ ತೆರೆದು ಮುಚ್ಚಿರಬೇಕು. ಈಗ ಲಾಕ್ ಬಿಟ್ಟರೆ ಅಲಗು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಆದರೂ ಅಡ್ಡಕ್ಕೆ ಎಳೆದು ನೋಡಿದರೆ ಕೂದಲೆಳೆಯಷ್ಟೂ ಅಲುಗಾಟವಿಲ್ಲ. ಎರಡೂ ಒಟ್ಟಿಗೆ ಸಿಗುವಂತೆ ಪಿವಟ್ ಬಿಗಿಯುವ ಕ್ರಮವೊಂದಿದೆ. ಅದನ್ನು ಕಂಡುಕೊಳ್ಳಲು ನನಗೆ ಎಂಟು ಸಲ ಬಿಚ್ಚಬೇಕಾಯಿತು, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಟೈಟಾನಿಯಂ ಲಾಕ್ ಉಕ್ಕಿಗೆ ಅಂಟಿಕೊಳ್ಳುವ ತೊಂದರೆಯೂ ಇತ್ತು. ಲಾಕ್ ಮುಖಕ್ಕೆ ಪೆನ್ಸಿಲ್ ಗ್ರಾಫೈಟ್ ತಿಕ್ಕಿದರೆ ಎರಡು ಮೂರು ದಿನ, ಮಾರ್ಕರ್ ಶಾಯಿ ಬಳಿದರೆ ಒಂದು ವಾರ ಸುಧಾರಿಸುತ್ತಿತ್ತು. ನಾಲ್ಕನೆಯ ತಿಂಗಳ ಹೊತ್ತಿಗೆ ಎರಡು ಮುಖಗಳೂ ಒಂದಕ್ಕೊಂದು ಹೊಂದಿಕೊಂಡವು. ಅರ ಹಾಕುವ ಆಸೆಯನ್ನು ತಡೆದುಕೊಂಡದ್ದು ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯುತ್ತಮ ನಿರ್ಧಾರವೆಂದು ತಿಳಿದಿದ್ದೇನೆ.

ಸಾಣೆಯಲ್ಲಿ ನಾನು ಪಟ್ಟ ಪಾಡು ಬೇರೆಯೇ. ಡಿ2 ಅಲಗುಗಳಿಗೆ ಒಗ್ಗಿದ್ದ ಅಲ್ಯುಮಿನಿಯಂ ಆಕ್ಸೈಡ್ ಕಲ್ಲಿನ ಮೇಲೆ ಒಂದು ಗಂಟೆಗೂ ಹೆಚ್ಚು ಉಜ್ಜಿದರೂ ಅಂಚು ಹೊಳೆಯಿತೇ ಹೊರತು ಹರಿತವಾಗಲಿಲ್ಲ. 2001ರಲ್ಲಿ ಕ್ರೂಸಿಬಲ್ ಸಂಸ್ಥೆ ಹೊರತಂದ ಈ ಎಸ್30ವಿ ಉಕ್ಕಿನಲ್ಲಿ ಶೇ. 4ರಷ್ಟು ವನೇಡಿಯಂ ಇದೆ; ಅದರ ಕಾರ್ಬೈಡ್ ಕಣಗಳು ಆ ಕಲ್ಲಿಗಿಂತ ಗಟ್ಟಿಯಾದ್ದರಿಂದ ಕಲ್ಲು ಅವುಗಳ ಸುತ್ತಲಿನ ಉಕ್ಕನ್ನಷ್ಟೇ ಸವೆಸುತ್ತಿತ್ತು. ವಜ್ರದ ಫಲಕ ಬಂದ ದಿನ 400 ಗ್ರಿಟ್ಟಿನಲ್ಲಿ ಇಪ್ಪತ್ತು ನಿಮಿಷಕ್ಕೆ ಉದ್ದಕ್ಕೂ ಬರ್ (ಸಾಣೆಯಿಂದ ಅಂಚಿನಾಚೆ ಮಡಚಿಕೊಳ್ಳುವ ಉಕ್ಕಿನ ತೆಳು ಎಳೆ) ಎದ್ದಿತು. ಬದಿಗೆ 20 ಡಿಗ್ರಿಯಷ್ಟಿದ್ದ ಕೋನವನ್ನು 15ಕ್ಕೆ ಇಳಿಸಿದೆ. ಮತ್ತೂ ಆಸೆಪಟ್ಟು 12ಕ್ಕೆ ಇಳಿಸಿದಾಗ, ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವ ಹೊತ್ತಿಗೆ ಅಂಚಿನಲ್ಲಿ ಸಣ್ಣ ಸಣ್ಣ ಚೂರು ಹಾರಿದವು, ಮರಳಿ 15ಕ್ಕೆ ಬಂದೆ. ರಟ್ಟು ಕತ್ತರಿಸಿ ಅಳೆದಾಗ, ನಾನು ಉಳಿಸಿಕೊಂಡ ಒಂದು ಡಿ2 ಚಾಕು 60 ಮೀಟರಿನ ಸುಮಾರಿಗೆ ಕಾಗದವನ್ನು ಹರಿಯತೊಡಗಿತು, ಇದು 100 ದಾಟಿದ ಮೇಲೂ ಕಾಗದವನ್ನು ನೀಟಾಗಿ ಸೀಳುತ್ತಿತ್ತು. ಹಗ್ಗದ ವಿಷಯದಲ್ಲಿ ಮಾತ್ರ ಫಲಿತಾಂಶ ನಾನೆಣಿಸಿದ್ದಕ್ಕೆ ತಿರುಗಾಮುರುಗಾ ಬಂತು: ಕನ್ನಡಿ ಹೊಳಪಿನ ಅಂಚು ಕತ್ತದ ಹಗ್ಗದ ಮೇಲೆ ಜಾರಿತು, 600ರಲ್ಲೇ ನಿಲ್ಲಿಸಿದ ಒರಟು ಅಂಚು ಎರಡೇ ಎಳೆತಕ್ಕೆ ದಾಟಿತು. ಅಂದಿನಿಂದ 600ರ ಮೇಲೆ ಹೋಗಿಲ್ಲ. ಚರ್ಮದ ಪಟ್ಟಿಯ ಮೇಲೆ ಕೊನೆಯ ಆರೆಂಟು ಎಳೆತಗಳನ್ನು ಎಳೆಯುವ ಬಗೆಯೊಂದಿದ್ದು, ಅದನ್ನೂ ಇಲ್ಲಿ ಹೇಳುವುದಿಲ್ಲ.

ಇದರ ನಡುವೆ, ಮೂರು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಜೇಬಿಗೆ ಸಿಕ್ಕಿಸುವ ಟೈಟಾನಿಯಂ ಕ್ಲಿಪ್ಪಿಗೆ ನೀಲಿ ಬಣ್ಣ ಬರಿಸಿದೆ. ಬಣ್ಣ ಕೆಲವೇ ಕ್ಷಣಗಳಲ್ಲಿ ಕಂದಿನಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುವುದನ್ನು ನೋಡುವುದೇ ಒಂದು ಸುಖ. ಜೇಬಿನ ಅಂಚಿಗೆ ತಿಕ್ಕಿ ತಿಕ್ಕಿ ಐದು ತಿಂಗಳಲ್ಲಿ ಅದು ಬಹುಪಾಲು ಹೋಯಿತು, ಬೆನ್ನಿನ ಕಡೆ ಮಾತ್ರ ಉಳಿದಿದೆ.

ಮೊನ್ನೆ ಆ ಇಬ್ಬರು ಗೆಳೆಯರಲ್ಲಿ ಒಬ್ಬರು ಕ್ಯಾಲಿಪರ್ ತಂದು ತಾವೇ ಅಳೆದರು. ಕೊಂಡ ದಿನ ನಾನು ಬರೆದಿಟ್ಟ ಅಲಗಿನ ಅಗಲಕ್ಕೂ ಇಂದಿನದಕ್ಕೂ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸವೂ ಸಿಗಲಿಲ್ಲ. ಅಲಗಿನ ಬುಡದ ದಪ್ಪದಲ್ಲಿ ಶೇ. 40ರಷ್ಟನ್ನು ಆವರಿಸಿ ಕೂರುತ್ತಿದ್ದ ಲಾಕ್ ಈಗ ಹೆಚ್ಚೆಂದರೆ 45ಕ್ಕೆ ಬಂದು ಅಲ್ಲೇ ನಿಂತಿದೆ. ಅವರು ಏನೂ ಹೇಳದೆ ಬಹಳ ಹೊತ್ತು ಚಾಕುವನ್ನು ತೆರೆದು ಮುಚ್ಚುತ್ತ ಕುಳಿತಿದ್ದರು.