ದಾಸೋಹಕ್ಕೆ ಲೆಕ್ಕ ಇಟ್ಟ ಮೇಲೆ: ನನ್ನ ಅನುಭವ

ನಮ್ಮ ಮಠದ ಉಗ್ರಾಣದ ಲೆಕ್ಕ ನೋಡಿಕೊಳ್ಳುವುದು ನನ್ನ ಸೇವೆ. ದಿನಾ ಮಧ್ಯಾಹ್ನ ಸುಮಾರು 250 ಜನ ಊಟಕ್ಕೆ ಕೂರುತ್ತಾರೆ. ಅಮಾವಾಸ್ಯೆಗೆ ಅದರ ಮೂರರಷ್ಟು. ಬಂದವರನ್ನು ಯಾರು, ಯಾವ ಊರು ಅಂತ ಕೇಳುವ ಪದ್ಧತಿ ಇಲ್ಲ. ಹಾಗಾಗಿ ಎಷ್ಟು ಜನ ಉಂಡರು ಅಂತ ಬರೆದಿಡುವ ಪದ್ಧತಿಯೂ ಇರಲಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಎಣ್ಣೆ, ಸಕ್ಕರೆ, ತುಪ್ಪದ ಬಿಲ್‌ನಲ್ಲಿ ತೆರಿಗೆ ಬೇರೆ ಸಾಲಾಗಿ ಕಾಣತೊಡಗಿತು. ಪುಕ್ಕಟೆ ಬಡಿಸುವ ಅನ್ನಕ್ಕೂ ತೆರಿಗೆಯಾ ಅನ್ನುವ ಪ್ರಶ್ನೆ ಎಲ್ಲ ಕಡೆ ಎದ್ದಿತು. ಅಮೃತಸರದಲ್ಲಿ ಲಂಗರ್, ಅಂದರೆ ಗುರುದ್ವಾರದ ಉಚಿತ ಊಟ, ನಡೆಸುವವರು ಗಟ್ಟಿಯಾಗಿ ಕೇಳಿದರು. ಮರುವರ್ಷ ಕೇಂದ್ರದ ಸಂಸ್ಕೃತಿ ಸಚಿವಾಲಯ ಸೇವಾ ಭೋಜ್ ಯೋಜನೆ ತಂದಿತು. 2018-19 ಮತ್ತು 2019-20, ಎರಡು ವರ್ಷಕ್ಕೆ 325 ಕೋಟಿ ರೂಪಾಯಿ. ದೇವಸ್ಥಾನ, ಮಠ, ಮಸೀದಿ, ದರ್ಗಾ, ಚರ್ಚು, ಗುರುದ್ವಾರ ಯಾರೇ ಆಗಲಿ, ಉಚಿತ ಊಟಕ್ಕೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು ವಾಪಸ್ ಸಿಗುತ್ತಿತ್ತು. ನಾವೂ ಅರ್ಜಿ ಹಾಕೋಣ ಅಂತ ಟ್ರಸ್ಟ್ ಸಭೆಯಲ್ಲಿ ಹೇಳಿದೆ.

ಹಿರಿಯರೊಬ್ಬರು ಒಪ್ಪಲಿಲ್ಲ. "ದಾಸೋಹಕ್ಕೆ ಲೆಕ್ಕ ಇಡಬಾರದಪ್ಪಾ, ಉಂಡವರ ತಲೆ ಎಣಿಸಿದರೆ ಪುಣ್ಯ ಉಳಿಯುತ್ತಾ?" ಅಂದರು. ಅವರ ಮಾತು ನನಗೆ ನಿಜಕ್ಕೂ ತಾಕಿತು. ಎರಡು ದಿನ ಯೋಚಿಸಿದೆ. ಆಮೇಲೆ ಹೋಗಿ, ತಲೆ ಎಣಿಸುವುದಿಲ್ಲ, ಎಲೆ ಎಣಿಸುತ್ತೇವೆ ಅಂದೆ. ಮುತ್ತುಗದ ಎಲೆ ನೂರರ ಕಟ್ಟಿನಲ್ಲಿ ಬರುತ್ತದೆ. ಎಷ್ಟು ಕಟ್ಟು ಬಿಚ್ಚಿದೆವು, ಎಷ್ಟು ಉಳಿಯಿತು, ಅಷ್ಟೇ ಬರೆದರೆ ಸಾಕು. ಉಣ್ಣುವವರ ಮುಂದೆ ಪುಸ್ತಕ ಹಿಡಿದು ನಿಲ್ಲುವ ಹಾಗಿಲ್ಲ. ಅದಕ್ಕೆ ಅವರು ಒಪ್ಪಿದರು.

ಷರತ್ತುಗಳು ಹೀಗಿದ್ದವು. ಸಂಸ್ಥೆಗೆ ಕನಿಷ್ಠ 5 ವರ್ಷ ಆಗಿರಬೇಕು. 3 ವರ್ಷದಿಂದ ಊಟ ಹಾಕುತ್ತಿರಬೇಕು. ತಿಂಗಳಿಗೆ ಕನಿಷ್ಠ 5,000 ಜನ ಉಂಡಿರಬೇಕು. ಇದೇ ಊಟಕ್ಕೆ ಸರ್ಕಾರದಿಂದ ಬೇರೆ ಹಣ ಪಡೆದಿರಬಾರದು. ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿರಬೇಕು. ಊಟ ನಡೆಯುತ್ತಿರುವುದು ನಿಜ ಅಂತ ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಬೇಕು.

ದರ್ಪಣ್‌ನಲ್ಲೇ ಮೂರು ವಾರ ಹೋಯಿತು. ಪದಾಧಿಕಾರಿಗಳ ಪ್ಯಾನ್, ಆಧಾರ್ ಎರಡೂ ಕೊಡಬೇಕಿತ್ತು. ನಮ್ಮ ಒಬ್ಬ ಟ್ರಸ್ಟಿಗೆ ಪ್ಯಾನ್ ಕಾರ್ಡೇ ಇರಲಿಲ್ಲ. ಇನ್ನೊಬ್ಬರ ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರ್ ಮೊಮ್ಮಗನದ್ದು, ಅವನು ದುಡಿಯಲು ಬೇರೆ ಊರಿಗೆ ಹೋಗಿದ್ದ. ಒಟಿಪಿ ಬಂದಾಗಲೆಲ್ಲ ಅವನಿಗೆ ಫೋನ್ ಮಾಡಬೇಕು. ಅರ್ಜಿ ಹಾಕುವ ಮೊದಲು ನೋಡಿಕೊಳ್ಳಬೇಕಾದ್ದು ಇದನ್ನೇ.

ಪ್ರಮಾಣಪತ್ರದ ತನಿಖೆಗೆ ಕಂದಾಯ ಇಲಾಖೆಯವರೊಬ್ಬರು ಹೇಳದೆ ಕೇಳದೆ ಒಂದು ಮಂಗಳವಾರ ಬಂದರು. ಕಚೇರಿಗೆ ಬರಲಿಲ್ಲ, ಸೀದಾ ಪಂಕ್ತಿಯಲ್ಲಿ ಕೂತು ಅನ್ನ, ಸಾರು, ಪಲ್ಯ ಉಂಡರು. ಕೈ ತೊಳೆದುಕೊಂಡು ಬಂದ ಮೇಲೇ ತಾವು ಯಾರು ಅಂತ ಹೇಳಿದ್ದು. ಎಲೆಯ ಪುಸ್ತಕ ತಿರುವಿ ಹಾಕಿ, ಆವತ್ತಿನ ಸಾಲು ಇನ್ನೂ ಖಾಲಿ ಇದ್ದದ್ದನ್ನು ತೋರಿಸಿ, "ಇದನ್ನ ಈಗ ಬರೀರಿ, ನಾನು ನೋಡ್ತೀನಿ" ಅಂದರು. ಉಳಿದ ಎಲೆ ಎಣಿಸಿ ಅವರೆದುರಿಗೇ ಬರೆದೆ. ಖರ್ಚಾದ ಎಲೆ 238. ಇಂಥ ತನಿಖೆಗೆ ನನ್ನ ತಕರಾರಿಲ್ಲ. ಜನರ ತೆರಿಗೆ ದುಡ್ಡು, ಬಂದು ನೋಡಲೇಬೇಕು.

ನಾವು ಎಡವಿದ್ದು ಬಿಲ್‌ನಲ್ಲಿ. ಎಣ್ಣೆ ವ್ಯಾಪಾರಿ ಎಷ್ಟೋ ವರ್ಷದ ರೂಢಿಯಂತೆ ಸ್ವಾಮಿಗಳ ಹೆಸರಿಗೆ ಬಿಲ್ ಬರೆಯುತ್ತಿದ್ದರು, ಟ್ರಸ್ಟಿನ ಹೆಸರಿಗಲ್ಲ. ಕಿರಾಣಿಯವರು ಕೊಡುತ್ತಿದ್ದದ್ದು ಬರೀ ಕಚ್ಚಾ ಚೀಟಿ. ಮೊದಲ ಮೂರು ತಿಂಗಳ ಬಿಲ್ ಪೂರ್ತಿ ಕೆಲಸಕ್ಕೆ ಬರಲಿಲ್ಲ. ಆಮೇಲೆ ಟ್ರಸ್ಟಿನ ಹೆಸರನ್ನು ರಟ್ಟಿನ ಮೇಲೆ ಬರೆದು ಎರಡೂ ಅಂಗಡಿಯ ಗಲ್ಲಾದ ಹತ್ತಿರ ಅಂಟಿಸಿ ಬಂದೆ.

ಇನ್ನು ದುಡ್ಡಿನ ವಿಷಯ. ತೆರಿಗೆ ವಾಪಸ್ ಸಿಗುವ ಸಾಮಾನಿನ ಪಟ್ಟಿಯಲ್ಲಿ ತುಪ್ಪ, ಅಡುಗೆ ಎಣ್ಣೆ, ಸಕ್ಕರೆ-ಬೆಲ್ಲ, ಅಕ್ಕಿ, ಹಿಟ್ಟು-ರವೆ, ಬೇಳೆ ಇದ್ದವು. ನಮ್ಮ ದೊಡ್ಡ ಖರ್ಚು ಅಕ್ಕಿ, ಬೇಳೆ. ಅಲ್ಲೇ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಆದರೆ ಬ್ರಾಂಡ್ ಇಲ್ಲದ ಅಕ್ಕಿ, ಬೇಳೆಗೆ ಆಗ ಜಿಎಸ್‌ಟಿಯೇ ಇರಲಿಲ್ಲ. ಕಟ್ಟದ ತೆರಿಗೆ ವಾಪಸ್ ಬರುವುದು ಹೇಗೆ? ಭಕ್ತರು ಸುಗ್ಗಿಯಲ್ಲಿ ತಂದು ಹಾಕುವ ಚೀಲಗಳಿಗೂ ಬಿಲ್ ಇಲ್ಲ. ಉಳಿದದ್ದು ಎಣ್ಣೆ, ಸಕ್ಕರೆ, ತುಪ್ಪ. ಎಣ್ಣೆ, ಸಕ್ಕರೆಗೆ ತೆರಿಗೆ ನೂರಕ್ಕೆ 5, ಅದರಲ್ಲಿ ಕೇಂದ್ರದ ಪಾಲು ಎರಡೂವರೆ. ತುಪ್ಪಕ್ಕೆ ಆಗ 12, ಕೇಂದ್ರದ ಪಾಲು 6. ಒಂದು ಲಕ್ಷದ ಎಣ್ಣೆ ಕೊಂಡರೆ ಬರುತ್ತಿದ್ದದ್ದು 2,500 ರೂಪಾಯಿ. ರಾಜ್ಯದ ಪಾಲು ಈ ಯೋಜನೆಯಲ್ಲಿ ಇರಲಿಲ್ಲ. ಲೆಕ್ಕ ಕೂಡಿದರೆ ನಮಗೆ ಮೂರು ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಆ ಮೂರು ತಿಂಗಳು ಮುಗಿದ ಆರು ತಿಂಗಳೊಳಗೆ ಕ್ಲೇಮ್ ಹಾಕಬೇಕಿತ್ತು, ಆಡಿಟರ್ ಸರ್ಟಿಫಿಕೇಟ್ ಜೊತೆಗೆ. ನಮ್ಮ ಆಡಿಟರ್ ಭಕ್ತರು, ಫೀಸ್ ಬೇಡ ಅಂದರು. ತೆಗೆದುಕೊಂಡಿದ್ದರೆ ಬಂದದ್ದೆಲ್ಲ ಅಲ್ಲಿಗೇ ಸರಿಹೋಗುತ್ತಿತ್ತು.

ಇಷ್ಟಕ್ಕಾಗಿ ಇಷ್ಟೆಲ್ಲ ಬೇಕಿತ್ತಾ ಅಂತ ಕೇಳುವವರಿದ್ದಾರೆ. ಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ಎಲೆಯ ಪುಸ್ತಕ ಆರು ತಿಂಗಳು ತುಂಬಿದ ಮೇಲೆ ಸೋಮವಾರ ಜನ ಜಾಸ್ತಿ, ಬುಧವಾರ ಕಡಿಮೆ ಅನ್ನುವುದು ಕಣ್ಣಿಗೆ ಕಂಡಿತು. ಬುಧವಾರ ನಾಲ್ಕು ಸೇರು ಅಕ್ಕಿ ಕಡಿಮೆ ಇಡತೊಡಗಿದೆವು. ಸಂಜೆ ದನಕ್ಕೆ ಹಾಕುತ್ತಿದ್ದ ಅನ್ನ ಉಳಿಯುವುದು ನಿಂತಿತು. ಮೊದಲು ಬೇಡ ಅಂದಿದ್ದ ಹಿರಿಯರೇ ಈಗ ದಿನಾ ಸಂಜೆ, "ಇವತ್ತು ಎಷ್ಟು ಎಲೆ?" ಅಂತ ಕೇಳುತ್ತಾರೆ.

ಆದರೆ 5,000ದ ಷರತ್ತು ನನಗೆ ಸರಿ ಅನ್ನಿಸಲೇ ಇಲ್ಲ. ನಮ್ಮ ಊರಾಚೆ ಒಂದು ಸಣ್ಣ ದರ್ಗಾ ಇದೆ. ಪ್ರತಿ ಗುರುವಾರ 300 ಜನಕ್ಕೆ ಊಟ ಹಾಕುತ್ತಾರೆ. ತಿಂಗಳಿಗೆ 1,200, ಐದು ಗುರುವಾರ ಬಂದರೆ 1,500. ಎಣ್ಣೆಗೆ ಅವರೂ ನಮ್ಮಷ್ಟೇ ತೆರಿಗೆ ಕಟ್ಟುತ್ತಾರೆ, ಅಲ್ವಾ? ಅಲ್ಲಿ ಊಟದ ಉಸ್ತುವಾರಿ ನೋಡುವವರು ನಮ್ಮ ಪುಸ್ತಕ ನೋಡಲು ಬಂದಿದ್ದರು. ನಿಮಗೆ ಈ ಯೋಜನೆ ಸಿಗುವುದಿಲ್ಲ ಅಂತ ಹೇಳಲು ನನಗೆ ಸಂಕಟವಾಯಿತು. ಅವರು ಪುಸ್ತಕ ಮಡಚಲಿಲ್ಲ. "ಇರಲಿ, ಈ ಗೆರೆ ಹೇಗೆ ಎಳೀತೀರಿ ತೋರಿಸಿ" ಅಂದರು. ಹೊಸ ನೋಟ್‌ಬುಕ್ ತೆಗೆದು ಇಬ್ಬರೂ ಕೂತು ಗೆರೆ ಎಳೆದೆವು. ಮೊದಲ ಕಾಲಂಗೆ ಅವರೇ ತಮ್ಮ ಕೈಯಿಂದ 'ಎಲೆ' ಅಂತ ಬರೆದುಕೊಂಡರು.